ಕ್ಯೂ ಬಂತು, ಯು ಬರಲಿಲ್ಲ: ಬೇಕಾದ ಅಕ್ಷರಗಳಿರುವ ಇಂಗ್ಲಿಷ್ ಪದ ಹುಡುಕುವ ಬಗೆ

ಖಾಲಿ ಚೌಕ:

ಎಲ್ಲರಿಗೂ ನಮಸ್ಕಾರ. ಇಂಗ್ಲಿಷ್ ಓದುವುದು ನನಗೆ ಕಷ್ಟವಲ್ಲ. ಪುಟಗಟ್ಟಲೆ ಓದಿದರೂ ನಿಘಂಟು ತೆರೆಯಬೇಕಾಗುವುದು ಅಪರೂಪ. ಆದರೆ ಅಕ್ಷರದ ಬಿಲ್ಲೆಗಳನ್ನು ಮಣೆಯ ಮೇಲೆ ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಡಲು ಕೂತರೆ ಓದಿದ್ದೆಲ್ಲ ಎಲ್ಲಿಗೋ ಓಡಿಹೋಗುತ್ತದೆ. ಪದ ಕಂಡರೆ ಗುರುತಿಸುತ್ತೇನೆ, ಅಕ್ಷರ ಕೊಟ್ಟು ಪದ ಹೇಳು ಎಂದರೆ ಬಾಯಿ ಕಟ್ಟುತ್ತದೆ. ಆರು ಊಹೆಗಳಲ್ಲಿ ಐದಕ್ಷರದ ಗುಪ್ತ ಪದ ಹಿಡಿಯುವ ವರ್ಡಲ್‌ನಲ್ಲೂ ಇದೇ ಗತಿ.

ಸದ್ಯ ನನ್ನ ಕೈಯಲ್ಲಿರುವ ಏಳು ಅಕ್ಷರಗಳು: ಕ್ಯೂ, ವಿ, ಐ, ಐ, ಎನ್, ಟಿ, ಎ. ಕ್ಯೂ ಪಕ್ಕದಲ್ಲಿ ಸಾಮಾನ್ಯವಾಗಿ ಬರುವ ಯು ಇಲ್ಲ. ಈಗ ಎದುರಾಳಿಯ ಸರದಿ ನಡೆಯುತ್ತಿದೆ. ನನಗೆ ಈ ಒಂದು ಆಟಕ್ಕೆ ಉತ್ತರ ಸಿಕ್ಕರೆ ಸಾಲದು. ಇಂಥ ಅಕ್ಷರಗಳು ಬಂದಾಗ ಅನುಭವಿಗಳ ತಲೆ ಯಾವ ದಾರಿಯಲ್ಲಿ ಓಡುತ್ತದೆ ಎಂಬುದು ತಿಳಿಯಬೇಕು. ಕಾಗುಣಿತ ಮುಖ್ಯವಾದ ಕಡೆ ಅಕ್ಷರಗಳ ನಡುವೆ ಅಡ್ಡಗೆರೆ ಹಾಕಿ ಬರೆಯಿರಿ, ಓದಲು ಸುಲಭವಾಗುತ್ತದೆ.

ಪದಬಂಧಪ್ರಿಯ:

ನಡೆಯುತ್ತಿರುವ ಆಟದ ಅಕ್ಷರಗಳನ್ನು ಊರಿಗೆಲ್ಲ ತೋರಿಸಿ ಸಲಹೆ ಕೇಳುವುದು ಆಟದ ಧರ್ಮವೇ? ಎದುರಾಳಿಗೆ ಇದು ಗೊತ್ತಿದೆಯೇ?

ಖಾಲಿ ಚೌಕ:

ಗೊತ್ತಿದೆ ಸರ್. ಎದುರಾಳಿ ನನ್ನ ತಂಗಿಯೇ. ಈ ಚರ್ಚೆಯ ಕೊಂಡಿಯನ್ನು ಅವಳಿಗೂ ಕಳುಹಿಸಿದ್ದೇನೆ. ನನ್ನ ಅಕ್ಷರಗಳು ಅವಳಿಗೆ ಕಾಣುತ್ತಿರುವುದರಿಂದ ನಷ್ಟವಾದರೆ ನನಗೇ ಆಗಬೇಕು.

ಏಳು ಬಿಲ್ಲೆ:

ಹಾಗಾದರೆ ಧೈರ್ಯವಾಗಿ ಹೇಳುತ್ತೇನೆ.

ಹೊಸಬರು ಉದ್ದದ ಪದ ಹುಡುಕುತ್ತಾರೆ. ಆಡಿ ಪಳಗಿದವರು ಮೊದಲು ನೋಡುವುದು ಎರಡಕ್ಷರದ ಪದಗಳನ್ನು. ಈ ಪಟ್ಟಿ ಬಾಯಿಪಾಠವಾಗದೆ ಸ್ಕ್ರ್ಯಾಬಲ್‌ನಲ್ಲಿ ಮುಂದೆ ಹೋಗುವುದು ಕಷ್ಟ, ಏಕೆಂದರೆ ಮಣೆಯ ಮೇಲೆ ಈಗಾಗಲೇ ಇರುವ ಪದಕ್ಕೆ ಒತ್ತಿಕೊಂಡಂತೆ ಹೊಸ ಪದ ಇಡಬೇಕಾದರೆ ಅಕ್ಕಪಕ್ಕದಲ್ಲಿ ಹುಟ್ಟುವ ಜೋಡಿಗಳೆಲ್ಲ ಪದಗಳಾಗಿರಬೇಕು. ನಿಮ್ಮ ಕೈಯಲ್ಲಿರುವ ಕ್ಯೂಗೆ ಉತ್ತರ ಕ್ಯೂ-ಐ. ಚೀನೀ ಚಿಂತನೆಯಲ್ಲಿ ಜೀವಶಕ್ತಿಗೆ ಬಳಸುವ ಪದ. ಆಟದಲ್ಲಿ ಒಪ್ಪುವ ಪದಗಳ ಉತ್ತರ ಅಮೆರಿಕದ ಪಟ್ಟಿಗೆ ಅದು 2006ರಲ್ಲಿ ಸೇರಿತು, ಝಡ್-ಎ (ಪಿಝಾದ ಮೊಟಕು ರೂಪ) ಜೊತೆಗೇ. ಆ ಎರಡು ಪದಗಳು ಬಂದ ಮೇಲೆ ಹತ್ತು ಅಂಕದ ಎರಡೂ ಬಿಲ್ಲೆಗಳ ಭಯವೇ ಕಡಿಮೆಯಾಯಿತು.

ಎಕ್ಸ್ ಇನ್ನೂ ಉದಾರಿ: ಎ-ಎಕ್ಸ್, ಇ-ಎಕ್ಸ್, ಒ-ಎಕ್ಸ್, ಎಕ್ಸ್-ಐ, ಎಕ್ಸ್-ಯು, ಐದೂ ನಡೆಯುತ್ತವೆ. ಜಿಪುಣ ಅಕ್ಷರವೆಂದರೆ ವಿ. ವಿ ಇರುವ ಎರಡಕ್ಷರದ ಪದ ಒಂದೂ ಇಲ್ಲ, ಯಾವ ಪಟ್ಟಿಯಲ್ಲೂ ಇಲ್ಲ. ಆದ್ದರಿಂದ ಕೈಯಲ್ಲಿ ವಿ ಇದ್ದರೆ ಮಣೆಯ ಮೇಲೆ ಎಲ್ಲೆಲ್ಲಿ ಇಡಲಾಗುವುದಿಲ್ಲ ಎಂಬುದನ್ನು ಮೊದಲು ನೋಡಿ. ಎದುರಾಳಿಯ ದಾರಿಗೆ ಅಡ್ಡ ಹಾಕಬೇಕಾದಾಗ ಇದೇ ವಿ ಉಪಕಾರಿ, ಅದರ ಪಕ್ಕಕ್ಕೆ ಒತ್ತಿ ಆಡಲು ಅವರಿಗೂ ಆಗುವುದಿಲ್ಲ.

ಇನ್ನು ಯು ಇಲ್ಲದ ಕ್ಯೂ ಪದಗಳು. ಅಕಾರಾದಿಯಾಗಿ ಕಲಿಯಲು ಹೋದರೆ ತಲೆಯಲ್ಲಿ ನಿಲ್ಲುವುದಿಲ್ಲ. ಬಂದ ಭಾಷೆಯ ಪ್ರಕಾರ ಗುಂಪು ಮಾಡಿ. ಅರಬ್ಬಿಯಿಂದ ಬಂದವೇ ಹೆಚ್ಚು: ಕ್ಯೂ-ಎ-ಟಿ ಜಗಿಯುವ ಎಲೆ, ಕ್ಯೂ-ಎ-ಐ-ಡಿ ಮುಖ್ಯಸ್ಥ, ಕ್ಯೂ-ಎ-ಎನ್-ಎ-ಟಿ ನೆಲದಡಿಯ ನೀರುಗಾಲುವೆ, ಎಫ್-ಎ-ಕ್ಯೂ-ಐ-ಆರ್ ನಮ್ಮ ಫಕೀರನೇ. ಹೀಬ್ರೂವಿನಿಂದ ಕ್ಯೂ-ಒ-ಪಿ-ಎಚ್ ಎಂಬ ಅಕ್ಷರದ ಹೆಸರು, ಎಸ್-ಎಚ್-ಇ-ಕ್ಯೂ-ಇ-ಎಲ್ ಎಂಬ ನಾಣ್ಯ. ಕೀಲಿಮಣೆಯಿಂದ ಹುಟ್ಟಿದ್ದು ಕ್ಯೂ-ಡಬ್ಲ್ಯೂ-ಇ-ಆರ್-ಟಿ-ವೈ. ಮೊಟಕುಗೊಳಿಸಿದ ಪದ ಟಿ-ಆರ್-ಎ-ಎನ್-ಕ್ಯೂ. ಕಲಿಯಲು ಇಷ್ಟು ಸಾಕು, ಉಳಿದವು ಆಡುತ್ತಾ ಬರುತ್ತವೆ.

ನಿಮ್ಮ ಕೈಯಿಂದ ಕ್ಯೂ-ಎ-ಟಿ ಆಗುತ್ತದೆ. ಮಣೆಯ ಮೇಲೆ ಸರಿಯಾದ ಜಾಗದಲ್ಲಿ ಇನ್ನೊಂದು ಎ ಇದ್ದರೆ ಕ್ಯೂ-ಎ-ಎನ್-ಎ-ಟಿ ಕೂಡ ಆಗುತ್ತದೆ. ಆದರೂ ನಾನು ಮೊದಲು ಹುಡುಕುವುದು ಮೂರು ಪಟ್ಟು ಅಕ್ಷರದ ಚೌಕದ (ಅಲ್ಲಿಟ್ಟ ಅಕ್ಷರದ ಅಂಕ ಮೂರು ಪಟ್ಟಾಗುತ್ತದೆ) ಕೆಳಗೆ ಅಥವಾ ಬಲಕ್ಕೆ ಒಂದು ಐ ಇದೆಯೇ ಎಂದು. ಇದ್ದರೆ ಆ ಚೌಕದಲ್ಲಿ ಕ್ಯೂ ಇಟ್ಟು ಅಡ್ಡಕ್ಕೂ ಉದ್ದಕ್ಕೂ ಕ್ಯೂ-ಐ ಮಾಡಬಹುದು. ಕ್ಯೂಗೆ 10ರ ಮೂರು ಪಟ್ಟು, ಐಗೆ 1: ಹೀಗೆ 31 ಮತ್ತು 31, ಒಟ್ಟು 62 ಅಂಕ. ಎರಡು ಬಿಲ್ಲೆ ಇಟ್ಟು ಇಷ್ಟು ಅಂಕ ಪಡೆಯುವ ಅವಕಾಶ ಈ ಆಟದಲ್ಲಿ ಬೇರೆಲ್ಲೂ ಸುಲಭವಾಗಿ ಸಿಗುವುದಿಲ್ಲ.

ಖಾಲಿ ಚೌಕ:

ಇದೆ! ತಂಗಿ ಅಡ್ಡಕ್ಕೆ ಇಟ್ಟಿರುವ ಟ್ಯಾಕ್ಸಿಯ ಕೊನೆಯ ಐ ಮೇಲೆ ಮೂರು ಪಟ್ಟು ಚೌಕ ಖಾಲಿ ಇದೆ. ಅದರ ಬಲಕ್ಕೂ ಖಾಲಿ.

ಎರಡನೆಯವಳು:

ಅಕ್ಕ, ನಾನೂ ಓದುತ್ತಿದ್ದೇನೆ. ಈಗಷ್ಟೇ ಟ್ಯಾಕ್ಸಿಗೆ ಒಂದು ಎಸ್ ಸೇರಿಸಿದೆ. ಬಾಗಿಲು ಮುಚ್ಚಿತು, ನನಗೆ 12 ಅಂಕವೂ ಬಂತು.

ಏಳು ಬಿಲ್ಲೆ:

ಮುಚ್ಚಿಲ್ಲ ತಂಗಿ. ನಿಮ್ಮ ಅಕ್ಕ ಕ್ಯೂ ಪಕ್ಕದಲ್ಲಿ ಇಡುವ ಐ ಈಗ ನಿಮ್ಮ ಎಸ್ ಮೇಲೆ ಕೂರುತ್ತದೆ. ಐ-ಎಸ್ ಕೂಡ ಪದವೇ. 62 ಇದ್ದದ್ದು 64 ಆಯಿತು.

ಒಂದು ಮಾತು ಸೇರಿಸುತ್ತೇನೆ. ನೂರು ಬಿಲ್ಲೆಗಳಲ್ಲಿ ಎಸ್ ಇರುವುದು ನಾಲ್ಕೇ. ಈ ಆಟ ರೂಪಿಸಿದ ಆಲ್‌ಫ್ರೆಡ್ ಬಟ್ಸ್ ವೃತ್ತಿಯಿಂದ ವಾಸ್ತುಶಿಲ್ಪಿ. ಪತ್ರಿಕೆಗಳ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂದು ಎಣಿಸಿ ಬಿಲ್ಲೆಗಳ ಸಂಖ್ಯೆ ನಿಗದಿ ಮಾಡಿದ್ದರು. ಆ ಎಣಿಕೆಯ ಪ್ರಕಾರ ಇ 12, ಎ ಮತ್ತು ಐ ತಲಾ 9. ಎಸ್ ವಿಷಯದಲ್ಲಿ ಮಾತ್ರ ಬೇಕೆಂದೇ ಕೈ ಬಿಗಿ ಹಿಡಿದರು, ಇಲ್ಲದಿದ್ದರೆ ಎಲ್ಲರೂ ಬಹುವಚನ ಮಾಡಿಕೊಂಡೇ ಗೆಲ್ಲುತ್ತಿದ್ದರು. ಹಾಗಿರುವಾಗ 12 ಅಂಕಕ್ಕೆ ಒಂದು ಎಸ್ ಖರ್ಚು ಮಾಡುವುದು ದುಬಾರಿ.

ಎರಡನೆಯವಳು:

ಮುಂದಿನ ಸಲ ಪದ ಇಟ್ಟ ಮೇಲೆ ಇಲ್ಲಿ ಬಂದು ಹೇಳುವುದಿಲ್ಲ.

ಹೊಸ ಕೈ:

ಏಳು ಬಿಲ್ಲೆ ಅವರೇ, ನನ್ನ ಮೊಬೈಲಿನ ಆಟ ಸಿ-ಎಚ್ ಎಂಬ ಎರಡಕ್ಷರವನ್ನು ಒಪ್ಪುತ್ತದೆ. ಗೆಳೆಯನ ಮೊಬೈಲಿನ ಬೇರೊಂದು ಆಟ ಒಪ್ಪುವುದಿಲ್ಲ. ಯಾವುದು ಸರಿ?

ಏಳು ಬಿಲ್ಲೆ:

ಎರಡೂ ಸರಿ. ಪಟ್ಟಿ ಬೇರೆ. ಅಮೆರಿಕ, ಕೆನಡಾ ಕಡೆ ನಡೆಯುವುದು ಅವರದೇ ಒಂದು ಪದಪಟ್ಟಿ. ಉಳಿದ ಬಹುತೇಕ ಕಡೆ ಕಾಲಿನ್ಸ್ ಪಟ್ಟಿ. 2018ರ ಅಮೆರಿಕದ ಪಟ್ಟಿಯಲ್ಲಿ ಎರಡಕ್ಷರದ ಪದ 107, 2019ರ ಕಾಲಿನ್ಸ್‌ನಲ್ಲಿ 127. ಸಿ-ಎಚ್ ಕಾಲಿನ್ಸ್‌ನಲ್ಲಿ ಮಾತ್ರ ಇದೆ. ಒ-ಕೆ ಎಂಬ ಸರಳ ಪದಕ್ಕೂ ಈ ಎರಡು ಪಟ್ಟಿಗಳಲ್ಲಿ ಜಾಗ ಸಿಕ್ಕಿದ್ದು ಈ ಆವೃತ್ತಿಗಳಲ್ಲೇ, ಅದಕ್ಕಿಂತ ಮೊದಲಲ್ಲ. ಯಾವ ಪಟ್ಟಿ ಎಂದು ಮೊದಲೇ ಒಪ್ಪಿಕೊಳ್ಳದೆ ಆಟಕ್ಕೆ ಕೂತರೆ ಜಗಳ ಖಚಿತ.

ಗಣಕ ಗುಮಾಸ್ತ:

ಇಲ್ಲಿಯವರೆಗೆ ಸ್ಕ್ರ್ಯಾಬಲ್ ಕಥೆ ನಡೆಯಿತು. ಮೂಲ ಪ್ರಶ್ನೆ ಅದಕ್ಕಿಂತ ದೊಡ್ಡದು. 'ಈ ಅಕ್ಷರಗಳಿರುವ ಪದ' ಎಂದು ಕೇಳುವವರು ಬೇರೆ ಬೇರೆ ವಿಷಯ ಕೇಳುತ್ತಿರುತ್ತಾರೆ, ಪದ ಹುಡುಕುವ ಜಾಲತಾಣದಲ್ಲಿ ತಪ್ಪು ಪೆಟ್ಟಿಗೆಯಲ್ಲಿ ಅಕ್ಷರ ತುಂಬಿಸಿ ಉತ್ತರ ಬರಲಿಲ್ಲ ಎಂದು ಬೈಯುತ್ತಾರೆ.

ಸ್ಕ್ರ್ಯಾಬಲ್‌ನಲ್ಲಿ ನಿಮಗೆ ಬೇಕಿರುವುದು ಕೈಯಲ್ಲಿರುವ ಅಕ್ಷರಗಳಷ್ಟರಿಂದಲೇ ಆದ ಪದ, ಒಂದು ಅಕ್ಷರವನ್ನು ಇರುವಷ್ಟು ಸಲ ಮಾತ್ರ ಬಳಸಿ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸ್ಪೆಲಿಂಗ್ ಬೀ ಆಟದಲ್ಲೂ ಏಳು ಅಕ್ಷರಗಳು, ಆದರೆ ಎಷ್ಟು ಸಲವಾದರೂ ಬಳಸಬಹುದು. ಪದಬಂಧದಲ್ಲಿ ಇಂಥ ಜಾಗದಲ್ಲಿ ಇಂಥ ಅಕ್ಷರ ಎಂಬ ಕಟ್ಟು. ವರ್ಡಲ್‌ನಲ್ಲಿ ಇದೆಲ್ಲದರ ಜೊತೆಗೆ 'ಈ ಅಕ್ಷರ ಇರಲೇಬಾರದು' ಎಂಬ ಷರತ್ತೂ ಸೇರುತ್ತದೆ. ಪ್ರಶ್ನೆ ಯಾವುದೆಂದು ಗೊತ್ತಾದರೆ ಅರ್ಧ ಕೆಲಸ ಆದಂತೆ.

ಮೊದಲನೆಯದಕ್ಕೆ ಒಂದು ಚಂದದ ಉಪಾಯವಿದೆ. ಪ್ರತಿ ಪದದ ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಜೋಡಿಸಿಡಿ. ಎಲ್-ಐ-ಎಸ್-ಟಿ-ಇ-ಎನ್ ಎಂಬುದು ಇ-ಐ-ಎಲ್-ಎನ್-ಎಸ್-ಟಿ ಆಗುತ್ತದೆ. ಸೈಲೆಂಟ್ ಪದವನ್ನೂ ಹೀಗೆ ಜೋಡಿಸಿ, ಎನ್‌ಲಿಸ್ಟ್, ಟಿನ್ಸೆಲ್, ಇನ್‌ಲೆಟ್ಸ್ ಪದಗಳನ್ನೂ ಜೋಡಿಸಿ. ಎಲ್ಲದಕ್ಕೂ ಅದೇ ಸಾಲು ಬರುತ್ತದೆ. ಗಣಕದಲ್ಲಿ ಆ ಸಾಲನ್ನು ಕೀಲಿಯಾಗಿಟ್ಟು ಪಟ್ಟಿ ಮಾಡಿದರೆ ಒಂದೇ ಹುಡುಕಾಟಕ್ಕೆ ಐದೂ ಪದಗಳು ಎದುರಿಗೆ ಬರುತ್ತವೆ. ಸ್ಪರ್ಧೆಗಳಲ್ಲಿ ಆಡುವವರು ಕಾಗದದ ಮೇಲೂ ಇದನ್ನೇ ಅಭ್ಯಾಸ ಮಾಡುತ್ತಾರೆ: ಬಿಲ್ಲೆಗಳನ್ನು ಮೊದಲು ವರ್ಣಮಾಲೆಯ ಕ್ರಮದಲ್ಲಿ ಇಟ್ಟುಕೊಂಡು ಆ ಸಾಲಿನಿಂದ ಪದ ನೆನಪಿಸಿಕೊಳ್ಳುತ್ತಾರೆ.

ಕೇವಲ 'ಇವು ಇರಬೇಕು' ಎಂಬ ಪ್ರಶ್ನೆಗೆ ಇನ್ನೂ ಚುರುಕಾದ ದಾರಿ ಇದೆ. ಇಂಗ್ಲಿಷ್ ಅಕ್ಷರ 26. ಪ್ರತಿ ಪದಕ್ಕೆ 26 ಸ್ಥಾನಗಳ ಸೊನ್ನೆ-ಒಂದರ ಸಾಲು ಕೊಟ್ಟು, ಅಕ್ಷರ ಇದ್ದಲ್ಲಿ ಒಂದು, ಇಲ್ಲದಲ್ಲಿ ಸೊನ್ನೆ ಬರೆದರೆ ಪದ ಒಂದು ಸಂಖ್ಯೆಯಾಗುತ್ತದೆ. ಲಕ್ಷಾಂತರ ಪದಗಳನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಜಾಲಾಡಬಹುದು. ಆದರೆ ಈ ಉಪಾಯಕ್ಕೆ ಎಣಿಕೆ ಬರುವುದಿಲ್ಲ. ಪಿ-ಐ-ಝಡ್-ಝಡ್-ಎ-ಝಡ್-ಝಡ್ ಎಂಬ ಪದದಲ್ಲಿ ನಾಲ್ಕು ಝಡ್ ಇವೆ ಎಂಬುದು ಅದಕ್ಕೆ ಕಾಣುವುದೇ ಇಲ್ಲ. ಸ್ಕ್ರ್ಯಾಬಲ್ ಚೀಲದಲ್ಲಿ ಝಡ್ ಒಂದೇ, ಖಾಲಿ ಬಿಲ್ಲೆ ಎರಡು. ಆ ಪದವನ್ನು ಇಡುವುದು ಸಾಧ್ಯವೇ ಇಲ್ಲ.

ಪ್ರೋಗ್ರಾಮ್ ಬರೆಯಲು ಬಾರದವರಿಗೆ ಒನ್‌ಲುಕ್ ಎಂಬ ಜಾಲತಾಣ ಸಾಕು. ಗೊತ್ತಿಲ್ಲದ ಒಂದು ಅಕ್ಷರಕ್ಕೆ ಪ್ರಶ್ನಾರ್ಥಕ ಚಿಹ್ನೆ, ಎಷ್ಟಾದರೂ ಅಕ್ಷರಗಳಿರಬಹುದಾದ ಜಾಗಕ್ಕೆ ನಕ್ಷತ್ರ ಚಿಹ್ನೆ ಹಾಕಿದರೆ ಹೊಂದುವ ಪದಗಳನ್ನು ತೋರಿಸುತ್ತದೆ. ಸ್ಕ್ರ್ಯಾಬಲ್ ಅಭ್ಯಾಸಕ್ಕೆ ಝಿಝಿವಾ ಎಂಬ ತಂತ್ರಾಂಶವಿದೆ. ಅದರ ಹೆಸರು ಒಂದು ಜಾತಿಯ ಹುಳುವಿನದು. ಅನೇಕ ಇಂಗ್ಲಿಷ್ ಪಟ್ಟಿಗಳಲ್ಲಿ ಕೊನೆಯ ಪದ ಅದೇ.

ಪದಬಂಧಪ್ರಿಯ:

ಗುಮಾಸ್ತರೇ, ನಿಮ್ಮ ಜಾಣ್ಮೆಗೆ ನಮಸ್ಕಾರ. ಆದರೆ ಯಂತ್ರ ಪದ ಹುಡುಕಿ ಕೊಟ್ಟರೆ ಆಡಿದ್ದು ಯಾರು? ಗೊತ್ತಿಲ್ಲದ ಪದವನ್ನು ಪಟ್ಟಿಯಿಂದ ಎತ್ತಿ ಮಣೆಯ ಮೇಲೆ ಇಟ್ಟು, ಅದರ ಅರ್ಥ ಕೇಳಿದರೆ ತಲೆ ಕೆರೆದುಕೊಳ್ಳುವವರನ್ನು ಕಂಡರೆ ನನಗೆ ಬೇಸರ. ಭಾಷೆಯ ಆಟವೆಂದ ಮೇಲೆ ಭಾಷೆ ಇರಬೇಡವೇ?

ಏಳು ಬಿಲ್ಲೆ:

ಇದು ಹಳೆಯ ವಾದ, ಇದಕ್ಕೆ ನೈಜೆಲ್ ರಿಚರ್ಡ್ಸ್ ಉತ್ತರ ಕೊಟ್ಟಾಗಿದೆ. ನ್ಯೂಜಿಲೆಂಡಿನ ಈ ಆಟಗಾರ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್‌ನ ವಿಶ್ವ ಪ್ರಶಸ್ತಿ ಗೆದ್ದರು. ಅವರಿಗೆ ಫ್ರೆಂಚ್ ಮಾತನಾಡಲು ಬರುತ್ತಿರಲಿಲ್ಲ. ಪದಪಟ್ಟಿಯನ್ನು ಕಲಿತು ಹೋಗಿದ್ದರು. 2024ರಲ್ಲಿ ಸ್ಪ್ಯಾನಿಷ್ ಭಾಷೆಯಲ್ಲೂ ವಿಶ್ವ ಪ್ರಶಸ್ತಿ ಪಡೆದರು. ಮಣೆಯ ಮೇಲೆ ಅರ್ಥಕ್ಕೆ ಅಂಕವಿಲ್ಲ.

ಪದಬಂಧಪ್ರಿಯ:

ಅವರು ಅಸಾಮಾನ್ಯರು. ಅವರನ್ನು ತೋರಿಸಿ ಉಳಿದವರಿಗೆ ನಿಯಮ ಮಾಡಬೇಡಿ.

ಹಳದಿ ಚೌಕ:

ನಡುವೆ ಬಂದೆ, ಕ್ಷಮಿಸಿ. ನನಗೆ ಇಬ್ಬರ ಮಾತೂ ಅರ್ಧರ್ಧ ಸರಿ ಎನಿಸುತ್ತದೆ. ನನ್ನಂಥ ಸಾಮಾನ್ಯ ನೆನಪಿನವರಿಗೆ ಅರ್ಥ ಸಿಕ್ಕರೆ ಪದ ತಲೆಯಲ್ಲಿ ಕೂರುತ್ತದೆ. ಎ-ಎ ಎಂದರೆ ಒರಟು ಲಾವಾ, ಎ-ಐ ಎಂದರೆ ಮೂರು ಬೆರಳಿನ ನಿಧಾನದ ಪ್ರಾಣಿ, ಒ-ಇ ಎಂದರೆ ಫೆರೋ ದ್ವೀಪಗಳ ಕಡೆ ಏಳುವ ಸುಂಟರಗಾಳಿ. ಇಷ್ಟು ತಿಳಿದ ಮೇಲೆ ಕೈತುಂಬ ಸ್ವರಗಳೇ ಬಂದರೂ ಗಾಬರಿಯಾಗುವುದಿಲ್ಲ. ಮತ್ತೊಂದು ಕಡೆ, ಮುಗಿದ ಆಟವನ್ನು ಯಂತ್ರಕ್ಕೆ ಕೊಟ್ಟು ಎಲ್ಲಿ ಏನು ಕಾಣಲಿಲ್ಲ ಎಂದು ನೋಡುವುದರಲ್ಲಿ ಮೋಸ ಎಲ್ಲಿದೆ? ಆಟದ ಮಧ್ಯದಲ್ಲಿ ನೋಡುವುದು ಮಾತ್ರ ಮೋಸ. ಒಬ್ಬರೇ ಆಡುವ ವರ್ಡಲ್‌ನಲ್ಲಿ ಅದೂ ಅವರವರ ಇಷ್ಟ.

ನಾನು ಬಂದದ್ದು ವರ್ಡಲ್ ಬಗ್ಗೆ ಹೇಳಲು. 2021ರ ಅಕ್ಟೋಬರ್‌ನಲ್ಲಿ ಜಾಶ್ ವಾರ್ಡಲ್ ತಾವು ರೂಪಿಸಿದ ಇದನ್ನು ಎಲ್ಲರಿಗೂ ತೆರೆದಿಟ್ಟರು, ಕೆಲವೇ ತಿಂಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಕೊಂಡುಕೊಂಡಿತು. ಮೂಲ ಆಟದಲ್ಲಿ ಊಹೆಯಾಗಿ ಒಪ್ಪುವ ಪದಗಳು ಸುಮಾರು 13,000, ಉತ್ತರವಾಗಿ ಬರುವವು 2,300ರ ಆಸುಪಾಸು. ಈ ಅಂತರವೇ ಆಟದ ಗುಟ್ಟು. ಉತ್ತರವಾಗಲಾರದ ಪದವನ್ನೂ ಮಾಹಿತಿಗಾಗಿ ಬಳಸಬಹುದು.

ಉದಾಹರಣೆ ಕೊಡುತ್ತೇನೆ. ಐ-ಜಿ-ಎಚ್-ಟಿ ಹಸಿರಾಗಿದೆ, ಅಂದರೆ ಆ ಅಕ್ಷರಗಳು ಸರಿಯಾದ ಜಾಗದಲ್ಲೇ ಇವೆ, ಮೊದಲ ಅಕ್ಷರ ಮಾತ್ರ ಗೊತ್ತಿಲ್ಲ. ಫೈಟ್, ಲೈಟ್, ಮೈಟ್, ನೈಟ್, ರೈಟ್, ಸೈಟ್, ಟೈಟ್, ಏಟ್, ಎಲ್ಲವೂ ಹೊಂದುತ್ತವೆ. ಒಂದೊಂದಾಗಿ ಹಾಕಿದರೆ ಆರು ಅವಕಾಶ ಮುಗಿದೇ ಹೋಗುತ್ತದೆ. ಈ ಹೊತ್ತಿನಲ್ಲಿ ಹಸಿರು ಅಕ್ಷರಗಳನ್ನು ಮರೆತು ಎಫ್-ಇ-ಆರ್-ಎನ್-ಎಸ್ ಹಾಕಿ. ಉತ್ತರ ಅದಲ್ಲ ಎಂದು ಗೊತ್ತೇ ಇದೆ. ಆದರೆ ಐದು ಸಾಧ್ಯತೆಗಳನ್ನು ಒಂದೇ ಏಟಿಗೆ ಪರೀಕ್ಷಿಸಿದಂತಾಯಿತು. ಯಾವುದಾದರೂ ಒಂದು ಅಕ್ಷರಕ್ಕೆ ಬಣ್ಣ ಬಂದರೆ ಉತ್ತರ ಸಿಕ್ಕಿತು. ಎಲ್ಲವೂ ಬೂದು ಬಂದರೆ, ಅಂದರೆ ಆ ಅಕ್ಷರಗಳು ಪದದಲ್ಲಿ ಇಲ್ಲದಿದ್ದರೆ, ಎಲ್, ಎಂ, ಟಿ ಹೀಗೆ ಕೆಲವೇ ಉಳಿಯುತ್ತವೆ. ಕಠಿಣ ಆಯ್ಕೆಯಲ್ಲಿ ಆಡುವವರಿಗೆ ಈ ದಾರಿ ಇಲ್ಲ, ಅಲ್ಲಿ ಸಿಕ್ಕ ಸುಳಿವನ್ನು ಬಳಸಲೇಬೇಕು. ಅವರು ಆರಂಭದಲ್ಲೇ ಐ-ಜಿ-ಎಚ್-ಟಿಯಂಥ ಬಲೆಗೆ ಬೀಳದಂತೆ ನೋಡಿಕೊಳ್ಳಬೇಕು.

ಹೊಸ ಕೈ:

ಮೊದಲ ಪದವಾಗಿ ನಾನು ಯಾವಾಗಲೂ ಎ-ಡಿ-ಐ-ಇ-ಯು ಹಾಕುತ್ತೇನೆ. ನಾಲ್ಕು ಸ್ವರ ಒಮ್ಮೆಲೇ ಮುಗಿಯುತ್ತದಲ್ಲ?

ಹಳದಿ ಚೌಕ:

ಮುಗಿಯುತ್ತದೆ, ಆದರೆ ಲಾಭ ಕಡಿಮೆ. ಸ್ವರ ತಿಳಿದ ಮಾತ್ರಕ್ಕೆ ಪದ ತಿಳಿಯುವುದಿಲ್ಲ. ಪದಗಳನ್ನು ಒಂದರಿಂದ ಒಂದು ಬೇರ್ಪಡಿಸುವುದು ವ್ಯಂಜನಗಳೇ. ಎಸ್, ಟಿ, ಆರ್, ಎಲ್, ಎನ್, ಸಿ ಇವುಗಳಲ್ಲಿ ಎರಡು ಮೂರನ್ನು ಎ, ಇ ಜೊತೆ ಸೇರಿಸಿ. ಸ್ಲೇಟ್, ಕ್ರೇನ್ ಎರಡೂ ಒಳ್ಳೆಯವು. ಅಮೆರಿಕದ ಎಂಐಟಿ ಸಂಸ್ಥೆಯ ಸಂಶೋಧಕರು ಮೂಲ ಪಟ್ಟಿಯ ಮೇಲೆ ಲೆಕ್ಕ ಹಾಕಿ ಎಸ್-ಎ-ಎಲ್-ಇ-ಟಿ ಅತ್ಯುತ್ತಮ ಎಂದು ತೋರಿಸಿದರು. ತಪ್ಪಿಲ್ಲದೆ ಆಡಿದರೆ ಸರಾಸರಿ 3.42 ಊಹೆ. ಆ ಪದದ ಅರ್ಥ ಹಳೆಯ ಕಾಲದ ಯೋಧರ ಶಿರಸ್ತ್ರಾಣ. ಮತ್ತೊಂದು ವಿಷಯ: ಎಸ್ ಸೇರಿಸಿ ಮಾಡಿದ ಸರಳ ಬಹುವಚನಗಳು ಉತ್ತರವಾಗಿ ಬರುವುದು ತೀರಾ ಅಪರೂಪ. ಆದ್ದರಿಂದ ಎಸ್ ಅನ್ನು ಕೊನೆಯಲ್ಲಿ ಪರೀಕ್ಷಿಸುವ ಬದಲು ಮೊದಲ ಸ್ಥಾನದಲ್ಲಿ ಪರೀಕ್ಷಿಸಿ. ಉತ್ತರಗಳು ಅತಿ ಹೆಚ್ಚು ಶುರುವಾಗುವುದು ಎಸ್‌ನಿಂದ, ಮುಗಿಯುವುದು ಇಯಿಂದ.

ಖಾಲಿ ಚೌಕ:

ಗುಮಾಸ್ತರು ಸ್ಪೆಲಿಂಗ್ ಬೀ ಎಂದರಲ್ಲ, ಅದರಲ್ಲಿ ಏಳೂ ಅಕ್ಷರ ಬರುವ ಪದ ನನಗೆ ಸಿಗುವುದೇ ಇಲ್ಲ. ಏನಾದರೂ ಉಪಾಯ ಇದೆಯೇ?

ಗಣಕ ಗುಮಾಸ್ತ:

ಮನುಷ್ಯರಿಗೆ ಒಗ್ಗುವ ಉಪಾಯ ಹೇಳುತ್ತೇನೆ. ಏಳರಲ್ಲಿ ಐ, ಎನ್, ಜಿ ಮೂರೂ ಇದ್ದರೆ ಅವನ್ನು ಒಟ್ಟಿಗೆ ಬದಿಗಿಟ್ಟು ಉಳಿದ ನಾಲ್ಕರಿಂದ ಕ್ರಿಯಾಪದ ಮಾಡಲು ನೋಡಿ. ಇ, ಡಿ ಇದ್ದರೆ ಹಾಗೆಯೇ. ಟಿ-ಐ-ಒ-ಎನ್, ಎ-ಬಿ-ಎಲ್-ಇ, ಎಲ್-ವೈ, ಮುಂದುಗಡೆ ಯು-ಎನ್ ಅಥವಾ ಆರ್-ಇ, ಇವನ್ನೂ ಹೀಗೆ ಕಿತ್ತಿಟ್ಟು ನೋಡಿ. ಎಸ್ ಅನ್ನು ದೂರವಿಡುವುದು ಈ ಆಟದ ಹಳೆಯ ಪದ್ಧತಿ, ಬಹುವಚನದ ಆಸೆ ಬಿಡಿ. ಹೆಚ್ಚಿನವರ ಕಣ್ಣಿಗೆ ಬೀಳದೆ ಉಳಿಯುವುದು ಅಕ್ಷರ ಮರುಕಳಿಸುವ ಪದಗಳು: ಟ್ಯಾಟೂ, ಕಕೂನ್‌ನಂಥವು. ಬಿಲ್ಲೆ ಇಟ್ಟು ಆಡಿ ಅಭ್ಯಾಸವಾದವರ ತಲೆ ಒಂದು ಅಕ್ಷರವನ್ನು ಒಮ್ಮೆ ಬಳಸಿದ ಮೇಲೆ ಅದನ್ನು ಖರ್ಚಾಯಿತು ಎಂದು ಬರೆದುಬಿಡುತ್ತದೆ. ಇಲ್ಲಿ ಖರ್ಚಾಗುವುದಿಲ್ಲ. ಏಳೂ ಅಕ್ಷರ ಬಂದ ಪದಕ್ಕೆ ಏಳು ಅಂಕ ಹೆಚ್ಚುವರಿ ಸಿಗುವುದರಿಂದ ಮೊದಲು ಅದನ್ನೇ ಬೆನ್ನಟ್ಟುವುದು ಲಾಭ.

ನಿಧಾನಿ:

ಯಾರೂ ಹೇಳದ ಒಂದು ವಿಷಯ ಹೇಳಬೇಕು. ನಾವು ಕನ್ನಡದಲ್ಲಿ ಓದಿ ಬೆಳೆದವರು ಇಂಗ್ಲಿಷ್ ಪದವನ್ನೂ ಕಿವಿಯಿಂದ ಹುಡುಕುತ್ತೇವೆ. ಎನ್ ಕೈಯಲ್ಲಿದ್ದರೆ 'ನ' ಎಂಬ ಸದ್ದಿನಿಂದ ಶುರುವಾಗುವ ಪದ ನೆನಪಿಸಿಕೊಳ್ಳುತ್ತೇವೆ. ಹಾಗಾಗಿ ಕೆ-ಎನ್-ಒ-ಎಲ್-ಎಲ್, ಜಿ-ಎನ್-ಒ-ಎಂ-ಇ ನಮ್ಮ ಬಲೆಗೆ ಬೀಳುವುದೇ ಇಲ್ಲ. ಪಿ ಇದ್ದಾಗ ಪಿ-ಎಸ್-ಎ-ಎಲ್-ಎಂ ಯಾರಿಗೆ ನೆನಪಾಗುತ್ತದೆ? ಡಬ್ಲ್ಯೂ ಇದ್ದಾಗ ಡಬ್ಲ್ಯೂ-ಆರ್-ಎ-ಸಿ-ಕೆ?

ನಾನು ಮಾಡುವುದಿಷ್ಟು. ಅಕ್ಷರವನ್ನು ಸದ್ದಾಗಿ ನೋಡದೆ ಅದರ ಜೊತೆಗಾರರನ್ನು ಹುಡುಕುತ್ತೇನೆ. ಎಚ್ ಬಂದರೆ ಅದರ ಎಡಕ್ಕೆ ಸಿ, ಎಸ್, ಟಿ, ಪಿ, ಜಿ, ಡಬ್ಲ್ಯೂ, ಆರ್ ಒಂದೊಂದನ್ನೇ ಇಟ್ಟು ನೋಡುತ್ತೇನೆ. ಕೆ ಬಂದರೆ ಸಿ-ಕೆ, ಎಸ್-ಕೆ, ಕೆ-ಎನ್. ಝಡ್ ಬಂದರೆ ಮೊದಲಿಗೆ ಇಡುವ ಮೊದಲು ಕೊನೆಗೆ ಇಡುತ್ತೇನೆ: ಟಿ-ಝಡ್‌ನಿಂದ ಮುಗಿಯುವ ವಾಲ್ಟ್ಸ್, ಕ್ವಾರ್ಟ್ಸ್, ಬ್ಲಿಟ್ಸ್ ಎಲ್ಲ ಹಾಗೆ ಸಿಗುತ್ತವೆ, ಕಿವಿಗೆ ಅವುಗಳಲ್ಲಿ ಝಡ್ ಕೇಳಿಸುವುದೇ ಇಲ್ಲ. ಜೆ ಸಾಮಾನ್ಯವಾಗಿ ಪದದ ಆರಂಭದಲ್ಲೇ ಬರುತ್ತದೆ. ಕೊನೆಯಲ್ಲಿ ಬೇಕೆಂದರೆ ನಮಗೆ ಗೊತ್ತಿರುವ ಪದಗಳೇ ಕೈಹಿಡಿಯುತ್ತವೆ: ಆರ್-ಎ-ಜೆ, ಟಿ-ಎ-ಜೆ, ಎಚ್-ಎ-ಜೆ, ಕೊನೆಗೆ ಎಸ್-ಡಬ್ಲ್ಯೂ-ಎ-ಆರ್-ಎ-ಜೆ ಕೂಡ.

ಸ್ವರವೇ ಇಲ್ಲದ ಕೈಗೆ ವೈ ಒಂದು ಆಸರೆ: ಕ್ರಿಪ್ಟ್, ಲಿಂಕ್ಸ್, ರಿದಮ್, ಟ್ರಿಸ್ಟ್. ವೈ ಕೂಡ ಇಲ್ಲದಿದ್ದರೆ ವೆಲ್ಷ್ ಭಾಷೆಯಿಂದ ಬಂದ ಸಿ-ಡಬ್ಲ್ಯೂ-ಎಂ, ಸಿ-ಆರ್-ಡಬ್ಲ್ಯೂ-ಟಿ-ಎಚ್. ಅಲ್ಲಿ ಡಬ್ಲ್ಯೂ ಸ್ವರದ ಕೆಲಸ ಮಾಡುತ್ತದೆ. ಅವೂ ಆಗದಿದ್ದರೆ ಉದ್ಗಾರಗಳು: ಟಿ-ಎಸ್-ಕೆ, ಪಿ-ಎಸ್-ಎಸ್-ಟಿ, ಬಿ-ಆರ್-ಆರ್. ಇವೆಲ್ಲ ಪಟ್ಟಿಯಲ್ಲಿವೆ ಎಂದರೆ ಮೊದಲ ಸಲ ಯಾರೂ ನಂಬುವುದಿಲ್ಲ.

ಎರಡನೆಯವಳು:

ಅಕ್ಕ 64 ಅಂಕ ಹೊಡೆದಳು. ಅವಳ ಕೈಯಲ್ಲಿ ಈಗ ವಿ, ಐ, ಎನ್, ಟಿ, ಎ ಉಳಿದಿವೆ ಎಂದು ಈ ಊರಿಗೆಲ್ಲ ಗೊತ್ತು. ಚೀಲದಿಂದ ತೆಗೆದ ಎರಡು ಮಾತ್ರ ಗೊತ್ತಿಲ್ಲ. ನಾನು ಯಾವುದಕ್ಕೆ ಹೆದರಬೇಕು?

ಏಳು ಬಿಲ್ಲೆ:

ಸರಿಯಾದ ಪ್ರಶ್ನೆ. ಇ ಮತ್ತು ಎಸ್ ಬಂದಿದ್ದರೆ ಹೆದರಿ.

ಎ, ಇ, ಐ, ಎನ್, ಎಸ್, ಟಿ ಎಂಬ ಆರು ಅಕ್ಷರಗಳ ಗುಂಪು ಸ್ಕ್ರ್ಯಾಬಲ್ ಆಟಗಾರರಿಗೆ ಬಂಗಾರದ ಗಣಿ. ಇದಕ್ಕೆ ಏಳನೆಯದಾಗಿ ಏನು ಸೇರಿಸಿದರೂ ಬಹುತೇಕ ಒಂದು ಪದ ಹುಟ್ಟುತ್ತದೆ. ಡಿ ಸೇರಿದರೆ ಇನ್‌ಸ್ಟೆಡ್, ಸ್ಟೇನ್ಡ್, ಡಿಟೇನ್ಸ್. ಜಿ ಸೇರಿದರೆ ಸೀಟಿಂಗ್, ಟೀಸಿಂಗ್. ಎಂ ಸೇರಿದರೆ ಇನ್‌ಮೇಟ್ಸ್. ಆರ್ ಸೇರಿದರೆ ರಿಟೇನ್ಸ್, ನಾಸ್ಟಿಯರ್, ರೆಟಿನಾಸ್. ಝಡ್ ಸೇರಿದರೂ ಝೇನಿಯೆಸ್ಟ್ ಆಗುತ್ತದೆ. ನಿಮ್ಮ ಅಕ್ಕನ ಬಳಿ ಇರುವ ವಿ ಸೇರಿದರೆ ನೇಟಿವ್ಸ್, ನೈವೆಸ್ಟ್, ವೇನೆಸ್ಟ್, ಮೂರು ಪದ. ಏಳೂ ಬಿಲ್ಲೆ ಒಮ್ಮೆಗೇ ಇಟ್ಟರೆ 50 ಅಂಕ ಹೆಚ್ಚುವರಿ.

ಆದ್ದರಿಂದ ಕ್ಯೂ-ಐ ಇಟ್ಟ ಆ ನಡೆಯಲ್ಲಿ ಅಂಕದಷ್ಟೇ ಮುಖ್ಯವಾದದ್ದು ಉಳಿದ ಐದು ಅಕ್ಷರ. ಕ್ಯೂ-ಎ-ಟಿ ಇಟ್ಟಿದ್ದರೆ ಕೈಯಲ್ಲಿ ವಿ, ಐ, ಐ, ಎನ್ ಉಳಿದು ಒದ್ದಾಡಬೇಕಿತ್ತು. ಏನು ಇಡಬೇಕು ಎಂದು ಹುಡುಕುವಾಗ ಏನು ಉಳಿಯುತ್ತದೆ ಎಂಬುದನ್ನೂ ಜೊತೆಗೇ ಓದುವುದು ರೂಢಿಯಾದರೆ ಪಟ್ಟಿಯ ಅರ್ಧ ತಿಳಿದವರೂ ಪೂರ್ತಿ ತಿಳಿದವರನ್ನು ಸೋಲಿಸಬಹುದು.

ನೀವು ಮಾಡಬೇಕಾದದ್ದು: ಏಳಕ್ಷರದ ಪದವನ್ನು ಸುಲಭವಾಗಿ ಒತ್ತಿ ಇಡಬಹುದಾದ ಉದ್ದನೆಯ ಖಾಲಿ ಸಾಲುಗಳನ್ನು ಮುರಿಯಿರಿ. ಕೈಯಲ್ಲಿ ವಿ, ಸಿ ಇದ್ದರೆ ಆ ಸಾಲಿನ ಪಕ್ಕಕ್ಕೆ ಇಡಿ. ಸಿ ಇರುವ ಎರಡಕ್ಷರದ ಪದವೂ ಸಿ-ಎಚ್ ಬಿಟ್ಟರೆ ಇಲ್ಲ.

ಎರಡನೆಯವಳು:

ಸಿ ಇದೆ. ನಾವು ಯಾವ ಪಟ್ಟಿಯಲ್ಲಿ ಆಡುತ್ತಿದ್ದೇವೆ ಅಕ್ಕ?

ಖಾಲಿ ಚೌಕ:

ಕಾಲಿನ್ಸ್. ಸಿ-ಎಚ್ ನಡೆಯುತ್ತದೆ. ನನ್ನ ಬಳಿ ಎಚ್ ಇದೆಯೋ ಇಲ್ಲವೋ ಹೇಳುವುದಿಲ್ಲ.

ಪದಬಂಧಪ್ರಿಯ:

ಅಕ್ಕತಂಗಿಯರ ಯುದ್ಧ ನಡೆಯಲಿ. ನನ್ನದೊಂದು ಸಣ್ಣ ಕೆಲಸ ನಿಂತಿದೆ. ಐದು ಅಕ್ಷರದ ಪದ, ಎರಡನೆಯದು ವೈ, ನಾಲ್ಕನೆಯದು ಪಿ. ಯಾರಿಗಾದರೂ ಹೊಳೆಯುತ್ತದೆಯೇ?

ಗಣಕ ಗುಮಾಸ್ತ:

ಯಂತ್ರವನ್ನು ಕೇಳಬಾರದು, ಮನುಷ್ಯರನ್ನು ಕೇಳಬಹುದೇ ಸರ್?

ಪದಬಂಧಪ್ರಿಯ:

ಮನುಷ್ಯರನ್ನು ಕೇಳುವುದಕ್ಕೆ ಮಾತುಕತೆ ಎನ್ನುತ್ತಾರೆ. 1913ರ ಡಿಸೆಂಬರ್‌ನಲ್ಲಿ ಆರ್ಥರ್ ವಿನ್ ಮೊದಲ ಪದಬಂಧ ಅಚ್ಚು ಹಾಕಿಸಿದ ದಿನದಿಂದಲೂ ಅದು ನಡೆದುಬಂದಿದೆ.

ನಿಧಾನಿ:

ನಾನು ಯಂತ್ರ ನೋಡದೆ ಹೇಳುತ್ತೇನೆ. ಎರಡನೆಯದು ವೈ ಎಂದರೆ ಅದೇ ಸ್ವರ, ಮೊದಲನೆಯದು ವ್ಯಂಜನ. ನಾಲ್ಕನೆಯದು ಪಿ ಎಂದರೆ ಅದರ ಜೊತೆಗಾರ ಎಚ್ ಆಗಿರಬಹುದು, ಹಾಗಾದರೆ ಕೊನೆಯದು ಪಿ-ಎಚ್. ಈಗ ಎನ್-ವೈ-ಎಂ-ಪಿ-ಎಚ್, ಎಲ್-ವೈ-ಎಂ-ಪಿ-ಎಚ್, ಎಸ್-ವೈ-ಎಲ್-ಪಿ-ಎಚ್. ಸುಳಿವು ಏನು ಕೊಟ್ಟಿದ್ದಾರೆ?

ಪದಬಂಧಪ್ರಿಯ:

ಗಾಳಿಯಲ್ಲಿ ನೆಲೆಸಿದ ಕಲ್ಪನೆಯ ಜೀವಿ.

ನಿಧಾನಿ:

ನೀರಿನದಾಗಿದ್ದರೆ ಎನ್‌ನಿಂದ ಶುರುವಾಗುವುದು. ಗಾಳಿಯದು ಸಿಲ್ಫ್. ಎಸ್ ಬರೆದು ನೋಡಿ, ಮೇಲಿನಿಂದ ಇಳಿಯುವ ಪದಕ್ಕೆ ಹೊಂದುತ್ತದೆಯೇ?

ಪದಬಂಧಪ್ರಿಯ:

ಹೊಂದಿತು. ಕೆಳಗಿನ ಎಡ ಮೂಲೆಯಲ್ಲಿ ಇನ್ನೂ ಎರಡು ಉಳಿದಿವೆ. ಅವನ್ನು ಪ್ರತ್ಯೇಕವಾಗಿ ಕೇಳುತ್ತೇನೆ, ಗುಮಾಸ್ತರು ಆ ಕಡೆ ಬರದಿದ್ದರೆ.